ಮೇಲೆ ಹನ್ನೊಂದು ಮನೆ

ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಇದು ನಿಮಗೂ ಗೊತ್ತು, ನನಗೂ ಗೊತ್ತು, ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಆದರೆ ನಮ್ಮ ರಸ್ತೆ ಕಚೇರಿಯ ಗೋಡೆಯ ಮೇಲೆ ಒಂದು ನಕ್ಷೆ ಅಂಟಿಸಿದ್ದಾರೆ. ಅದರಲ್ಲಿ ನದಿ ಕೆಳಗಿನಿಂದ ಮೇಲಕ್ಕೆ ಹರಿಯುತ್ತಿದೆ. ನಕ್ಷೆ ಬರೆದವರಿಗೆ ಅದು ವಿಚಿತ್ರ ಅನಿಸಲಿಲ್ಲ. ಅದಕ್ಕೆ ಮೊಹರು ಒತ್ತಿದವರಿಗೂ ಅನಿಸಲಿಲ್ಲ. ಅನಿಸಿದ್ದು ಒಬ್ಬ ಡ್ರೈವರನಿಗೆ, ಅದೂ ವಾರಗಟ್ಟಲೆ ಒದ್ದಾಡಿದ ಮೇಲೆ. ಅಷ್ಟರಲ್ಲಿ ಅವನು ತನ್ನ ಒಡಹುಟ್ಟಿದ ಅಕ್ಕ ಆ ಕಣಿವೆಯಲ್ಲಿ ವಾಸವೇ ಇಲ್ಲವೆಂದು ಸ್ವಂತ ಕೈಯಿಂದ ಸಹಿ ಹಾಕಿ ಕೊಟ್ಟಾಗಿತ್ತು.

ಅವನನ್ನು ಪೇಟೆಯಲ್ಲಿ ಎಲ್ಲರೂ ಕರೆಯುವುದು ಸೆಕೆಂಡ್ ಗೇರ್ ಎಂದು. ಕಣಿವೆಗೆ ಇಳಿದರೆ ಅವನ ಕಾರು ಎರಡನೇ ಗೇರು ದಾಟುವುದಿಲ್ಲ. ಹಿಂದೆ ಕೂತವರು ಅವಸರ ಮಾಡಿದರೆ, "ನೀವು ಇಳಿದು ನಡ್ಕೊಂಡು ಹೋಗಿ ಸಾರ್, ಮುಂದಿನ ತಿರುವಲ್ಲಿ ಸಿಗ್ತೀನಿ" ಅನ್ನುತ್ತಾನೆ. ಯಾರೂ ಇಳಿಯುವುದಿಲ್ಲ. ಎಡಗಡೆಯ ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುವುದೂ ಇಲ್ಲ; ಅವನೇ ಸುತ್ತಿ ಬಂದು ಹೊರಗಿನಿಂದ ತೆಗೆಯಬೇಕು. ಮೂವತ್ತನಾಲ್ಕು ವರ್ಷದಲ್ಲಿ ಆ ದಾರಿಯಲ್ಲಿ ಅವನ ಕಾರಿನ ಕನ್ನಡಿಗೂ ಒಂದು ಗೀರು ಬಿದ್ದಿಲ್ಲ.

ಅವನಿಗೆ ಕಿಲೋಮೀಟರು ಗೊತ್ತಿಲ್ಲ. ಎಷ್ಟು ದೂರ ಎಂದು ಕೇಳಿದರೆ ತಿರುವುಗಳನ್ನು ಎಣಿಸಿ ಹೇಳುತ್ತಾನೆ. ಪೇಟೆಯಿಂದ ಗುಡ್ಡದ ನೆತ್ತಿಗೆ ಹತ್ತಿ, ಆಚೆ ಕಡೆ ಕಾಡಿನೊಳಗೆ ಇಪ್ಪತ್ತೆರಡು ತಿರುವು ಇಳಿದರೆ ನದಿ, ನದಿಯ ಮೇಲೆ ಕಬ್ಬಿಣದ ಸೇತುವೆ. ಒಂದನ್ನು ಬಿಟ್ಟು ಪ್ರತಿ ತಿರುವಿಗೂ ಅವನೇ ಇಟ್ಟ ಹೆಸರಿದೆ. ಲಾರಿಗಳು ಉಸಿರು ಕಟ್ಟುವುದು ಕೆಮ್ಮಿನ ತಿರುವು. ಹತ್ತಿರ ಹೋಗುವವರೆಗೂ ಎದುರು ಏನು ಬರುತ್ತಿದೆಯೆಂದು ತಿಳಿಯದಿರುವುದು ಅತ್ತೆ ತಿರುವು. ಅಕ್ಕನ ಮಗಳು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಇದೇ ಕಾರಿನ ಹಿಂದಿನ ಸೀಟಿನಲ್ಲಿ ಹುಟ್ಟಿದ್ದು ಹದಿನಾಲ್ಕನೆಯ ತಿರುವಿನಲ್ಲಿ. ಅದಕ್ಕೆ ಅವನು ಹೆಸರಿಡಲಿಲ್ಲ. ಅದರ ಸಂಖ್ಯೆಯನ್ನೇ ಹುಡುಗಿಗೆ ಹೆಸರಾಗಿ ಇಟ್ಟ. ಮೂವತ್ತು ದಾಟಿದ ಹೆಂಗಸನ್ನು ಮನೆಯವರು ಇವತ್ತಿಗೂ "ಏ ಹದಿನಾಲ್ಕು" ಎಂದೇ ಕೂಗುವುದು.

ಸೇತುವೆ ದಾಟಿದರೆ ದಾರಿ ಎರಡಾಗುತ್ತದೆ. ಒಂದು ನೀರು ಬರುವ ಕಡೆಗೆ ಹೋಗುತ್ತದೆ. ಅದು ಮೇಲಿನ ರಸ್ತೆ. ಇನ್ನೊಂದು ನೀರು ಹೋಗುವ ಕಡೆಗೆ. ಅದು ಕೆಳಗಿನ ರಸ್ತೆ. ಕಣಿವೆಯಲ್ಲಿ ಹುಟ್ಟಿದ ಮಗುವಿಗೂ ಮೇಲೆ ಎಂದರೆ ನೀರು ಬರುವ ಕಡೆ, ಕೆಳಗೆ ಎಂದರೆ ನೀರು ಹೋಗುವ ಕಡೆ. ಮೇಲೆ ಒಂಬತ್ತು ತಿರುವು ಹೋದರೆ ಹನ್ನೊಂದು ಮನೆ. ನಾಲ್ಕನೆಯದು ಅಕ್ಕನದು, ನೀಲಿ ಬಾಗಿಲಿನದು. ಕೆಳಗೆ ಹಿಂದೆ ಮರ ಸಾಗಿಸುವವರ ಗುಡಿಸಲುಗಳಿದ್ದವು. ಈಗ ಯಾರೂ ಇಲ್ಲ.

ತಾಯಿ ಸತ್ತಾಗ ಇವನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ತಲೆ ಬಾಚಿದವಳು, ಬೆನ್ನಿಗೆ ಗುದ್ದಿದವಳು, ಶಾಲೆಗೆ ಎಳೆದುಕೊಂಡು ಹೋಗಿ ಕೂರಿಸಿದವಳು ಅವಳೇ. ಮದುವೆಯಾಗಿ ಅವಳು ಆ ಒಂಬತ್ತು ತಿರುವಿನ ಆಚೆ ಹೋದ ನಾಲ್ಕನೆಯ ದಿನ ಇವನು ಲಾರಿ ಶೆಡ್ಡಿಗೆ ಹೋಗಿ ಕ್ಲೀನರ್ ಆಗಿ ಸೇರಿಕೊಂಡ. ಸ್ಟೀರಿಂಗ್ ಹಿಡಿಯಲು ಕಲಿತದ್ದು ಹೊಟ್ಟೆಪಾಡಿಗೆ ಎಂದು ಅವನು ಎಂದೂ ಹೇಳುವುದಿಲ್ಲ. "ಅಕ್ಕನ್ನ ನೋಡೋಕೆ ಬೇರೆಯವರ ಗಾಡಿ ಕಾಯೋದು ಬೇಡ ಅಂತ ಕಲಿತೆ" ಅನ್ನುತ್ತಾನೆ. ಈಗ ಅಕ್ಕನಿಗೆ ಅರವತ್ತೇಳು. ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮಾಯದ ಹುಣ್ಣು. ಪ್ರತಿ ಗುರುವಾರ ಅವನು ಹೋಗಿ ಕರೆತಂದು, ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿಸಿ, ಮತ್ತೆ ಬಿಟ್ಟು ಬರುತ್ತಾನೆ. ಆ ರಸ್ತೆ ಇದ್ದರೆ ಆ ಕಾಲು ಇರುತ್ತದೆ. ಈ ಕತೆಯಲ್ಲಿ ಇನ್ನೇನು ಮರೆತರೂ ಇದೊಂದನ್ನು ಮರೆಯಬೇಡಿ.

ಈಗ ಆ ದಿನಕ್ಕೆ ಬರುತ್ತೇನೆ.

ಕಾಡಿನೊಳಗಿನ ಯಾವ ರಸ್ತೆ ಉಳಿಸಿಕೊಳ್ಳಬೇಕು, ಯಾವುದನ್ನು ಮುಚ್ಚಿ ಕಾಡಿಗೆ ಬಿಡಬೇಕು ಎಂದು ರಸ್ತೆ ಕಚೇರಿ ಸಮೀಕ್ಷೆ ಶುರು ಮಾಡಿತು. ತಪ್ಪಲ್ಲ. ಕಾಡಿಗೂ ಬದುಕುವ ಹಕ್ಕಿದೆ. ಸಮೀಕ್ಷೆಗೆ ಒಬ್ಬ ಹುಡುಗಿಯನ್ನು ಕಳಿಸಿದರು, ಇಪ್ಪತ್ತಾರು ವರ್ಷದವಳು, ಡ್ರೋನ್ ಹಾರಿಸುವುದು ಅವಳ ಕೆಲಸ. ದಾರಿ ಗೊತ್ತಿರುವ ಡ್ರೈವರ್ ಬೇಕು ಎಂದಾಗ ಎಲ್ಲರೂ ತೋರಿಸಿದ್ದು ಸೆಕೆಂಡ್ ಗೇರನ್ನು.

ಅವರಿಬ್ಬರಿಗೂ ಚೆನ್ನಾಗಿಯೇ ಹೊಂದಿತು. ಅವಳು ಮಡಿಲಲ್ಲಿ ಡ್ರೋನಿನ ಪೆಟ್ಟಿಗೆಯನ್ನು ಕೂಸಿನ ಹಾಗೆ ಹಿಡಿದು ಕೂತಿದ್ದಳು.

"ಅಂಕಲ್, ಇನ್ನು ಸ್ವಲ್ಪ ಜೋರಾಗಿ ಹೋಗಬಹುದಲ್ವಾ?"

"ಹೋಗಬಹುದು ಮೇಡಂ. ಆದರೆ ನಿಮ್ಮದು ಹಾರುತ್ತೆ, ನಮ್ಮದು ಹಾರಲ್ಲ."

ದಾರಿಯುದ್ದಕ್ಕೂ ಅವಳು ಐದಾರು ಕಡೆ ಇಳಿದು ಡ್ರೋನ್ ಹಾರಿಸಿದಳು. ಅದು ಕಾರಿನ ಬಾನೆಟ್ಟಿನಿಂದ ಎದ್ದು, ಮರಗಳ ಸಂದಿಯಲ್ಲಿ ನೆಟ್ಟಗೆ ಏರಿ, ಮಂಜಿನಲ್ಲಿ ಚುಕ್ಕೆಯಾಗಿ ಮಾಯವಾಗುತ್ತಿತ್ತು. ಕೆಳಗೆ ನೊಣ ಗುಂಯ್ ಅಂದಂಥ ಸದ್ದು ಮಾತ್ರ ಉಳಿಯುತ್ತಿತ್ತು. ಅವನಿಗೆ ಅದು ತಮಾಷೆಯಾಗಿಯೂ ಇತ್ತು, ಸ್ವಲ್ಪ ಅವಮಾನವಾಗಿಯೂ ಇತ್ತು. ಅರ್ಧ ಜೀವಮಾನ ಎರಡನೇ ಗೇರಿನಲ್ಲಿ ಸುತ್ತಿದ್ದನ್ನು ಇದು ನಾಲ್ಕು ನಿಮಿಷದಲ್ಲಿ ನೋಡಿಕೊಂಡು ಬರುತ್ತಿತ್ತು.

ಸೇತುವೆಯ ಹತ್ತಿರ ಬಂದಾಗ ಒಂದೇ ಬ್ಯಾಟರಿ ಉಳಿದಿತ್ತು. ಮೇಲಿನ ರಸ್ತೆಯಲ್ಲಿ, ಮೊದಲ ತಿರುವಿನಲ್ಲೇ, ಬೆಳಿಗ್ಗೆಯ ಗಾಳಿಗೆ ದೊಡ್ಡ ಮರ ಅಡ್ಡ ಬಿದ್ದಿತ್ತು. ಕಾರು ಮುಂದೆ ಹೋಗುವಂತಿರಲಿಲ್ಲ.

"ಅಂಕಲ್, ಇಲ್ಲಿಂದಾಚೆ ಜನ ಇದ್ದಾರಾ?"

"ಮೇಲೆ ಹನ್ನೊಂದು ಮನೆ ಇದೆ ಮೇಡಂ. ನಮ್ಮಕ್ಕನ ಮನೆನೂ ಅಲ್ಲೇ. ಕೆಳಗೆ ಯಾರೂ ಇಲ್ಲ."

"ಮೇಲೆ ಎಷ್ಟು ದೂರ?"

"ಒಂಬತ್ತು ತಿರುವು."

ಅವಳು ನಕ್ಕಳು, ಒಂದು ಅಂದಾಜು ಹಾಕಿದಳು. ಕೈಯಲ್ಲಿದ್ದ ಪರದೆಯ ಮೇಲೆ ಕಣಿವೆಯ ನಕ್ಷೆ ಇತ್ತು. ಸೇತುವೆಯ ಮೇಲೆ ಬೆರಳಿಟ್ಟು, ರಸ್ತೆಯ ಗುಂಟ, ಮೇಲಕ್ಕೆ ಗೆರೆ ಎಳೆದಳು. ಗೆರೆ ಎಳೆದುಕೊಟ್ಟರೆ ಡ್ರೋನ್ ತಾನಾಗಿಯೇ ಅದರ ಮೇಲೆ ಹೋಗಿ ಬರುತ್ತದೆ.

ನಕ್ಷೆಯಲ್ಲಿ ಮೇಲೆ ಎಂದರೆ ಉತ್ತರ. ಆ ನದಿ ಹರಿಯುವುದೂ ಉತ್ತರಕ್ಕೆ.

ಅರ್ಥವಾಯಿತಲ್ಲ? ಅವನ ‘ಮೇಲೆ’ ಅವಳ ‘ಕೆಳಗೆ’. ಅವಳ ‘ಮೇಲೆ’ ಅವನ ‘ಕೆಳಗೆ’. ಇಬ್ಬರೂ ಹೇಳಿದ್ದು ಒಂದೇ ಪದ, ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಡ್ರೋನ್ ನೀರು ಹೋಗುವ ಕಡೆಗೆ ಹೋಯಿತು. ಅವನು ಒಮ್ಮೆ ತಲೆ ಎತ್ತಿ ಆಕಾಶ ನೋಡಿದ್ದರೆ, ಆ ಗುಂಯ್ ಸದ್ದು ಯಾವ ಕಡೆ ಕರಗುತ್ತಿದೆ ಎಂದು ಕಿವಿ ಕೊಟ್ಟಿದ್ದರೆ, ಅಲ್ಲೇ ಗೊತ್ತಾಗುತ್ತಿತ್ತು. ಅವನು ಪರದೆಯನ್ನೇ ನೋಡುತ್ತಿದ್ದ. ನಾವೆಲ್ಲ ನೋಡುವುದು ಅದನ್ನೇ ತಾನೇ.

ಪರದೆಯಲ್ಲಿ ಹಸಿರು. ಹೂಕೋಸು ಸುರಿದ ಹಾಗೆ ಮರದ ತಲೆಗಳು. ಅವನು ಅಕ್ಕನ ಮನೆಯ ಚಾವಣಿ ಹುಡುಕಿದ. ಬಟ್ಟೆ ಒಣಗಿಸುವ ಹಗ್ಗ ಹುಡುಕಿದ. ನದಿಗೆ ಇಳಿಯುವ ಕಲ್ಲಿನ ಮೆಟ್ಟಿಲು ಹುಡುಕಿದ. ನೂರಾರು ಸಲ ಕಾರು ನಿಲ್ಲಿಸಿದ ಅಂಗಳ ಎಲ್ಲಿಯೂ ಇರಲಿಲ್ಲ.

"ಕಾಣ್ತಾ ಅಂಕಲ್?"

"ಇಲ್ಲ ಮೇಡಂ… ಇಲ್ಲೇ ಎಲ್ಲೋ ಇರಬೇಕು. ಏನೋ ಗೊತ್ತಾಗ್ತಾ ಇಲ್ಲ. ಮೇಲಿಂದ ನೋಡಿದ್ರೆ ಎಲ್ಲಾ ಒಂದೇ ಥರ ಅಲ್ವಾ?"

"ಮನೆ ಇದ್ದರೆ ಕಾಣಬೇಕು ಅಂಕಲ್. ನನಗೆ ಕೋಳಿ ಗೂಡೂ ಕಾಣುತ್ತೆ."

ಅವನಿಗೆ ನಾಚಿಕೆಯಾಯಿತು. ಅಕ್ಕನ ಮನೆ ಗುರುತು ಹಿಡಿಯಲಾಗದ ತಮ್ಮ ಎಂಥವನು? ಬ್ಯಾಟರಿ ಮುಗಿಯುತ್ತ ಬಂತು, ಡ್ರೋನ್ ವಾಪಸ್ಸಾಯಿತು. ಅವಳು ಫಾರಂ ತುಂಬಿದಳು. ಮೇಲಿನ ರಸ್ತೆ: ಸ್ಥಳೀಯರು ಹೇಳಿದ ವಸತಿಯನ್ನು ಹುಡುಕಲಾಯಿತು, ಕಂಡುಬಂದಿಲ್ಲ. ಕೆಳಗಿನ ರಸ್ತೆ: ವಸತಿ ಇಲ್ಲವೆಂದು ಸ್ಥಳೀಯರ ಮಾಹಿತಿ. ಕೆಳಗೆ ಮಾಹಿತಿದಾರನ ಸಹಿ.

ಅವನು ಪೆನ್ನು ಹಿಡಿದು ಒಂದು ಗಳಿಗೆ ತಡೆದ. "ಮೇಡಂ, ಕಾಣಲಿಲ್ಲ ಅಂತ ಬರೀರಿ. ಇಲ್ಲ ಅಂತ ಬರೀಬೇಡಿ."

"ಹಾಗೇ ಬರ್ದಿದ್ದೀನಿ ಅಂಕಲ್, ನೋಡಿ. ಮರ ತೆಗೆದ ಮೇಲೆ ಆಫೀಸಿನವರು ಬಂದು ಇನ್ನೊಂದು ಸಲ ನೋಡ್ತಾರೆ."

ಅವನು ಸಹಿ ಹಾಕಿದ. ಮರುದಿನ ಹನ್ನೊಂದು ಮನೆಯವರೇ ಸೇರಿ ಮರ ಕಡಿದು ದಾರಿ ಬಿಡಿಸಿದರು. ಆಫೀಸಿನವರು ಬರಲಿಲ್ಲ.

ಬಾರದಿದ್ದರೆ ಹೋಗಲಿ. ಆದರೆ ಕಚೇರಿಯ ಯಾವುದೋ ಮೇಜಿನ ಮೇಲೆ ‘ಕಂಡುಬಂದಿಲ್ಲ’ ಎಂಬುದು ‘ಇಲ್ಲ’ ಆಯಿತು. ಯಾರು ಮಾಡಿದರು? ಕೇಳಿದರೆ ಯಾರೂ ಮಾಡಲಿಲ್ಲ. ಉದ್ದದ ಪದ ಸಣ್ಣ ಕಾಲಮ್ಮಿನಲ್ಲಿ ಹಿಡಿಸಲಿಲ್ಲವಂತೆ! ಹನ್ನೊಂದು ಒಲೆ ಉರಿಯುವ ಮನೆಗಳನ್ನು ಕಾಲಮ್ಮಿನ ಅಗಲಕ್ಕೆ ಕತ್ತರಿಸಿದ ಈ ಕೈ ಯಾರದೆಂದು ನಾನು ಎರಡು ವಾರದಿಂದ ಕೇಳುತ್ತಿದ್ದೇನೆ. ಎಲ್ಲರೂ ತಮ್ಮ ಕೈ ತೊಳೆದುಕೊಂಡು ತೋರಿಸುತ್ತಿದ್ದಾರೆ.

ನಾಲ್ಕು ವಾರಕ್ಕೆ ಪ್ರಕಟಣೆ ಅಂಟಿಸಿದರು. ಸೇತುವೆಯಾಚೆಯ ಎರಡೂ ರಸ್ತೆಗಳನ್ನು ಮುಚ್ಚಲಾಗುವುದು, ಸೇತುವೆಯ ಹಲಗೆಗಳನ್ನು ತೆಗೆಯಲಾಗುವುದು. ಆಕ್ಷೇಪಣೆ ಇದ್ದರೆ ಬರುವ ತಿಂಗಳ ಕೊನೆಯೊಳಗೆ ಸಲ್ಲಿಸುವುದು. ಜೊತೆಗೆ ನಕ್ಷೆ, ನಕ್ಷೆಯ ಮೂಲೆಯಲ್ಲಿ ಅವನ ಸಹಿ.

ಸುದ್ದಿ ಅವನಿಗಿಂತ ಮೊದಲೇ ಅಕ್ಕನಿಗೆ ಮುಟ್ಟಿತು. ಗುರುವಾರ ಅವನು ಹೋದಾಗ ಅವಳು ಎಂದಿನಂತೆ ಚೊಂಬು ನೀರು ತಂದುಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಕೇಳಿದಳು:

"ಅಲ್ವೋ, ನಾನು ಇಲ್ವಂತಲ್ಲ?"

"ಅಕ್ಕಾ…"

"ನೀನೇ ಬರ್ಕೊಟ್ಟಿದ್ದೀಯಂತೆ. ಹಾಗಾದ್ರೆ ಈಗ ನಿನಗೆ ನೀರು ಕೊಟ್ಟಿದ್ದು ಯಾರೋ? ದೆವ್ವನಾ?"

"ನಾನು ಮೇಲೆ ಹನ್ನೊಂದು ಮನೆ ಅಂತಾನೇ ಹೇಳಿದೆ ಅಕ್ಕಾ. ಕಾಣಲಿಲ್ಲ. ಯಾಕೆ ಕಾಣಲಿಲ್ಲ ಅಂತ ನನಗೇ ಗೊತ್ತಿಲ್ಲ."

"ಚಿಕ್ಕೋನಿದ್ದಾಗ ಚಪ್ಪಲಿ ಬಲ ಎಡ ಗೊತ್ತಾಗ್ತಿರಲಿಲ್ಲ ನಿನಗೆ. ಈಗ ಮನೆನೇ ಗೊತ್ತಾಗ್ತಾ ಇಲ್ಲ. ಬಾ, ಕಾರು ತೆಗಿ. ಇಲ್ಲದಿರೋಳಿಗೂ ಕಾಲು ನೋಯುತ್ತೆ."

ಅಮ್ಮನ ಜೊತೆ ಹೊರಟು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ ಹದಿನಾಲ್ಕು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವನಿಗೆ ನಗು ಬರಲಿಲ್ಲ.

ಆ ವಾರವೆಲ್ಲ ಅವನ ತಲೆ ಕೆಸರಾಯಿತು. ಮೊದಲು ಕಣ್ಣಿನ ಮೇಲೆ ಅನುಮಾನ ಬಂತು; ಹೋಗಿ ಪರೀಕ್ಷೆ ಮಾಡಿಸಿದ. ಡಾಕ್ಟರು, "ನಿಮ್ಮ ವಯಸ್ಸಿಗೆ ಇಷ್ಟು ಒಳ್ಳೇ ಕಣ್ಣು ಕಂಡಿದ್ದು ಕಮ್ಮಿ" ಅಂದರು. ಅದನ್ನು ಕೇಳಿ ಅವನಿಗೆ ಇನ್ನೂ ಭಯವಾಯಿತು. ಕಣ್ಣು ಸರಿ ಇದ್ದರೆ ಕೆಟ್ಟದ್ದು ಯಾವುದು? ಮರಗಳು ಅಷ್ಟು ದಟ್ಟವಾಗಿವೆಯೇ ಎಂದು ಅಕ್ಕನ ಅಂಗಳದಲ್ಲಿ ಮಲಗಿ ಮೇಲೆ ನೋಡಿದ. ಅಂಗಳದಗಲ ಆಕಾಶವಿತ್ತು. ಡ್ರೋನಿನ ಹುಡುಗಿಯೇ ಮೋಸ ಮಾಡಿದಳೇ ಎಂದೂ ಒಂದು ದಿನ ಯೋಚಿಸಿದ. ಕೂಸಿನಂತೆ ಪೆಟ್ಟಿಗೆ ಹಿಡಿದ ಆ ಕೈಗಳು ನೆನಪಾಗಿ, ಹಾಗೆ ಯೋಚಿಸಿದ್ದಕ್ಕೆ ತನಗೆ ತಾನೇ ಬೈದುಕೊಂಡ.

ಗಂಟು ಬಿಚ್ಚಿದವಳು ಹೆಂಡತಿ. ಅವಳದು ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಅಳತೆ ಟೇಪು, ಸೀಮೆಸುಣ್ಣದ ಚೂರು, ಕತ್ತರಿಸಿಟ್ಟ ತೋಳುಗಳ ನಡುವೆ ಅವಳ ಮೇಜು. ಅವನು ಕಚೇರಿಯಿಂದ ತಂದ ನಕ್ಷೆಯ ಪ್ರತಿಯನ್ನು ಆ ಮೇಜಿನ ಮೇಲೆ ಹರವಿ, ತಲೆಗೆ ಕೈಕೊಟ್ಟು ಕೂತಿದ್ದ. ಅವಳು ಮೇಜಿನ ಆಚೆ ಬದಿಯಲ್ಲಿ ನಿಂತು ಗುಂಡಿ ಹಾಕುತ್ತಿದ್ದಳು.

"ಇದೇನು, ನಿಮ್ಮಕ್ಕನ ಮನೆ ದಾರಿ ತಾನೇ ಇದು?"

"ಎಲ್ಲಿ?"

"ಇಲ್ಲೇ. ಸೇತುವೆ, ಆಮೇಲೆ ಬಲಕ್ಕೆ, ಮತ್ತೆ ಬಲಕ್ಕೆ, ಆಮೇಲೆ ಆ ವಾಂತಿ ಬರೋ ತಿರುವು…"

ಅವನು ಎದ್ದು ಮೇಜು ಸುತ್ತಿ ಅವಳ ಪಕ್ಕಕ್ಕೆ ಬಂದು ನಿಂತ. ಆ ಕಡೆಯಿಂದ ನೋಡಿದರೆ ಕಾಗದ ತಲೆಕೆಳಗು. ಒಂದು, ಎರಡು, ಮೂರು… ಒಂಬತ್ತು. ಪ್ರತಿ ತಿರುವೂ ತನ್ನ ಹೆಸರಿನೊಂದಿಗೆ ಎದ್ದು ಬಂತು. ಅವನು ಕಾಗದವನ್ನು ತಿರುಗಿಸಿದ. ಮತ್ತೆ ತಿರುಗಿಸಿದ.

"ಬಟ್ಟೆ ಉಲ್ಟಾ ಇಟ್ಟು ಕತ್ತರಿಸಿಬಿಟ್ಟಿದ್ದಾರೆ ಕಣ್ರೀ" ಅಂದಳು ಅವಳು, ಹಲ್ಲಿನಲ್ಲಿ ದಾರ ಕಡಿಯುತ್ತ. "ಇನ್ನು ಹೊಲಿದ್ರೆ ತೋಳು ಹೊಟ್ಟೆ ಮೇಲೆ ಬರುತ್ತೆ."

ಅವನು ಹುಡುಗಿಗೆ ಫೋನ್ ಮಾಡಿದ. "ಮೇಡಂ, ನಿಮ್ಮ ಮೇಲೆ ಯಾವುದು?" ಅವಳಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ನೀರು ಯಾವ ಕಡೆ ಹೋಗುತ್ತೆ ಅಂತ ನಾನು ಕೇಳಲೇ ಇಲ್ಲ ಅಂಕಲ್" ಅಂದಳು. ಎರಡು ದಿನದಲ್ಲಿ ಬಂದಳು, ಡ್ರೋನ್ ಇಲ್ಲದೆ, ಕಾರಿನಲ್ಲಿ ಕೂತು ಒಂಬತ್ತು ತಿರುವು ಹೋದಳು. ಅಕ್ಕ ಅವಳಿಗೂ ನೀರು ಕೊಟ್ಟಳು. "ನೋಡಮ್ಮ, ಚೆನ್ನಾಗಿ ನೋಡ್ಕೋ. ಇದು ಬಾಗಿಲು, ಇದು ನಾನು. ಮುಟ್ಟಿ ಬೇಕಾದ್ರೂ ನೋಡು." ಹುಡುಗಿ ನಿಜಕ್ಕೂ ಅವಳ ಕೈ ಹಿಡಿದುಕೊಂಡು ಅತ್ತಳು.

ಅವಳು ತಪ್ಪೊಪ್ಪಿಗೆಯ ಪತ್ರ ಬರೆದುಕೊಟ್ಟಳು. ಇಬ್ಬರೂ ಸೇರಿ ಅದನ್ನು ಕಚೇರಿಗೆ ಒಯ್ದರು. ಗುಮಾಸ್ತ ಒಳ್ಳೆಯವನೇ, ಕುರ್ಚಿ ಕೊಟ್ಟ, ಫ್ಯಾನ್ ಹಾಕಿದ.

"ಪತ್ರ ಫೈಲಿಗೆ ಸೇರಿಸ್ತೀನಿ. ಆದರೆ ಇದು ಸಾಕ್ಷಿ ಆಗಲ್ಲ. ಸರ್ವೆ ದಿನ ನೀವು ಮನೆ ನೋಡಿಲ್ಲ ಅಂತ ನೀವೇ ಬರ್ದಿದ್ದೀರಲ್ಲಮ್ಮ."

"ಹಾಗಾದ್ರೆ ನನ್ನ ಮಾತು?" ಅಂದ ಸೆಕೆಂಡ್ ಗೇರ್.

"ನೀವು ಸಂಬಂಧಿಕರು. ಅಲ್ಲಿ ವಾಸ ಇರೋರೂ ಆಗಲ್ಲ, ಅವರಿಗೆ ಲಾಭ ಇದೆ. ಸರ್ವೆಗಿಂತ ಮುಂಚೆ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದ ಹೊರಗಿನವರು ಹತ್ತು ಜನ ಬೇಕು. ಫೋಟೋ ಇದ್ದರೆ ಇನ್ನೂ ಒಳ್ಳೇದು."

"ಇನ್ನೊಂದು ಸಲ ಡ್ರೋನ್ ಹಾರಿಸಿ ನೋಡಬಹುದಲ್ಲ ಸಾರ್?" ಅಂದ ಅವನೇ.

"ಹಾರಿಸಬಹುದು. ಅರ್ಜಿ ಕೊಡಿ. ಅದರ ಸರದಿ ಬರೋದು ರಸ್ತೆ ಮುಚ್ಚಿದ ಮೇಲೆ."

ಇರುವವರು ತಾವು ಇದ್ದೇವೆಂದು ಹೇಳುವಂತಿಲ್ಲ. ಬಂದು ಹೋದವರು ಹೇಳಬೇಕು. ಈ ನಿಯಮ ಬರೆದವರ ಮನೆ ಬಾಗಿಲಲ್ಲಿ ನಿಂತು, ನೀವು ಒಳಗಿದ್ದೀರಿ ಎಂಬುದಕ್ಕೆ ಹತ್ತು ದಾರಿಹೋಕರನ್ನು ಕರೆಸಿ ಎಂದು ನಾನು ಕೇಳಬೇಕೆಂದಿದ್ದೇನೆ.

ಸೆಕೆಂಡ್ ಗೇರಿಗೆ ದಾರಿಹೋಕರು ಕಮ್ಮಿಯಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಕಾಡು, ಕಣಿವೆ ನೋಡಲು ಬಂದ ಎಷ್ಟೋ ಸಾವಿರ ಜನರನ್ನು ಅವನು ಆ ಒಂಬತ್ತು ತಿರುವು ಹತ್ತಿಸಿದ್ದಾನೆ. ಎಲ್ಲರೂ ಅಕ್ಕನ ಅಂಗಳದಲ್ಲಿ ಇಳಿದಿದ್ದಾರೆ, ನೀರು ಕುಡಿದಿದ್ದಾರೆ, ನೀಲಿ ಬಾಗಿಲಿನ ಮುಂದೆ ನಿಂತು ಫೋಟೋ ತೆಗೆದಿದ್ದಾರೆ. ಆದರೆ ಅವನು ಯಾರ ಹೆಸರನ್ನೂ ಕೇಳಿದವನಲ್ಲ. ಅವನಲ್ಲಿರುವುದು ಕಾರಿನ ಡಿಕ್ಕಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಜನ ಬಿಟ್ಟು ಹೋದ ವಸ್ತುಗಳು, ಕೇಳಿಕೊಂಡು ಬಂದರೆ ಕೊಡೋಣ ಎಂದು ಒರೆಸಿ ಇಟ್ಟವು. ಹಿಡಿ ಮುರಿದ ಹಸಿರು ಕೊಡೆ. ಮಗುವಿನ ಎಡಗಾಲಿನ ಕೆಂಪು ಬೂಟು. ಕನ್ನಡಕದ ಖಾಲಿ ಡಬ್ಬಿ. ಕಾಲೇಜಿನ ಟೀ ಶರ್ಟು. ಅರ್ಧ ಹೆಣೆದ ಮಫ್ಲರು, ಕಡ್ಡಿಗಳ ಸಮೇತ. ಕೇಳಿದರೆ ಅವನು ಒಂದೊಂದನ್ನೇ ಎತ್ತಿ ಹೇಳುತ್ತಾನೆ: "ಕೊಡೆಯವರು ನಾಲ್ಕು ಜನ, ಮಳೆ ಬಂದು ಅಕ್ಕನ ಮನೇಲಿ ಎರಡು ಗಂಟೆ ಕೂತಿದ್ರು. ಬೂಟಿನ ಮಗು ಮೆಟ್ಟಿಲ ಮೇಲೆ ಬಿದ್ದು ಅತ್ತಿತ್ತು, ಅಕ್ಕ ಎತ್ಕೊಂಡಳು. ಮಫ್ಲರಿನ ಅಮ್ಮಂಗೆ ಹೊಟ್ಟೆ ತೊಳೆಸಿ ಆರನೇ ತಿರುವಲ್ಲಿ ನಿಲ್ಲಿಸಿದ್ದೆ." ಮುಖ ನೆನಪಿದೆ, ಮಾತು ನೆನಪಿದೆ. ವಿಳಾಸ ಒಂದೂ ಇಲ್ಲ.

ನಾನು ಅವನ ಕಾರಿನಲ್ಲಿ ಹೋದದ್ದು ಪ್ರಕಟಣೆ ಬಂದ ಮೇಲೆ. ನನ್ನ ಸಹಿ ನಡೆಯುವುದಿಲ್ಲ. ಆ ದಿನ ಸೇತುವೆಯ ಹತ್ತಿರ ನಾನು ಸುಮ್ಮನೆ, "ಇನ್ನು ಮೇಲೆ ಹೋಗೋಣವಾ?" ಅಂದೆ. ಅವನು ಬ್ರೇಕ್ ಒತ್ತಿ, ತಿರುಗಿ ನನ್ನ ಮುಖ ನೋಡಿದ. "ಯಾವ ಮೇಲೆ ಸಾರ್?" ಅಂದ. ತಮಾಷೆ ಮಾಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆಡಿದ ಪದವೊಂದು ಅವನ ಬಾಯಲ್ಲಿ ಈಗ ಬೆರಳು ಸುಟ್ಟ ಪಾತ್ರೆಯಂತಾಗಿದೆ. ಎತ್ತುವ ಮುಂಚೆ ಎರಡು ಸಲ ಮುಟ್ಟಿ ನೋಡುತ್ತಾನೆ.

ಇಲ್ಲಿಯವರೆಗೆ ಮೂರು ಜನ ಸಿಕ್ಕಿದ್ದಾರೆ. ಇನ್ನು ಏಳು ಬೇಕು. ಕಡೆಯ ದಿನಕ್ಕೆ ಉಳಿದಿರುವುದು ಎರಡು ಗುರುವಾರ.

ಆದ್ದರಿಂದ ಹಸಿರು ಕೊಡೆಯವರೇ, ಕೆಂಪು ಬೂಟಿನ ಮಗುವಿನ ಅಪ್ಪ ಅಮ್ಮಂದಿರೇ, ಮಫ್ಲರ್ ಹೆಣೆಯುತ್ತಿದ್ದ ತಾಯೀ, ಎಡಗಡೆಯ ಬಾಗಿಲು ಒಳಗಿನಿಂದ ತೆಗೆಯಲು ಹೋಗಿ ಸೋತವರೆಲ್ಲರೇ, ನಿಮಗೆ ಹೇಳುತ್ತಿದ್ದೇನೆ. ಅಯ್ಯೋ ಪಾಪ ಅನ್ನಬೇಡಿ, ಈ ಪುಟವನ್ನು ಮಡಿಚಿ ಪಕ್ಕಕ್ಕಿಡಬೇಡಿ. ಈಗಲೇ ನಿಮ್ಮ ಫೋನ್ ತೆಗೆಯಿರಿ. ಹಳೆಯ ಫೋಟೋಗಳಲ್ಲಿ ನೀಲಿ ಬಾಗಿಲು ಹುಡುಕಿ. ನಿಮ್ಮ ನಗುಮುಖದ ಹಿಂದೆ, ಚೊಂಬು ಹಿಡಿದು ನಿಂತ ಒಬ್ಬ ಹೆಂಗಸು ಇದ್ದಾಳೆ. ಆ ಫೋಟೋದಲ್ಲೇ ಅವಳನ್ನು ಕರೆದುಕೊಂಡು ಕಚೇರಿಗೆ ಬನ್ನಿ, ಸಹಿ ಹಾಕಿ.